ಗುಂಡನ ಮೇಲೆ ಹಾಕಿದ ತಪ್ಪು

ಕೈದಿಗಳ ಮನಸ್ಸು ಹಗುರಾಗಲೆಂದು ಪ್ರತಿ ಬುಧವಾರ ಜೈಲಿಗೆ ಬರುವ ನಾಯಿ ಹತ್ತು ಜನರ ಬಳಿಯೂ ಸಮನಾಗಿ ಕೂರಬೇಕು, ಅದು ನಿಯಮ. ಆದರೆ ಗುಂಡನೆಂಬ ಆ ದಪ್ಪ ನಾಯಿ ಮೂರು ತಿಂಗಳಿಂದ ಸೀದಾ ಅವರಲ್ಲೊಬ್ಬನಾದ ಬಡಗಿಯ ಹತ್ತಿರ ಹೋಗಿ ಮಲಗಿಬಿಡುತ್ತಿತ್ತು.

ಬಡಗಿ ಕುಡಿದು ಗಾಡಿ ಓಡಿಸಿ ಒಬ್ಬರ ಜೀವ ತೆಗೆದವನು. ಶಿಕ್ಷೆಯಾದಾಗಿನಿಂದ ಯಾರೊಡನೆಯೂ ಮಾತಿಲ್ಲ. ನಿದ್ದೆಯಂತೂ ಅವನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಗುಂಡನ ಕಿವಿ ಸವರುತ್ತಾ ಸವರುತ್ತಾ ಮೊದಲು ಮಾತು ಬಂತು, ಆಮೇಲೆ ನಿದ್ದೆ.

"ಇಷ್ಟು ಜನ ಇದ್ರೂ ಇವನಿಗೆ ನಾನೇ ಯಾಕೆ ಬೇಕು ಮೇಡಂ?" ಎಂದು ಒಮ್ಮೆ ಕೇಳಿದ.

"ನಿಮ್ಮ ಕೈಯಲ್ಲಿ ಮರದ ವಾಸನೆ ಇದೆಯಲ್ಲ, ಅದಕ್ಕೇ," ಎಂದಳು ನಾಯಿಯನ್ನು ಕರೆತರುವವಳು.

"ಓಹೋ. ಹಗ್ಗ ಸಡಿಲ ಬಿಡೋ ಕೈಗೂ ಆ ವಾಸನೆ ಹಿಡಿಸಿರ್ಬೇಕು."

ಜೈಲಿನ ತುಂಬ ಕಳ್ಳರಿದ್ದರೂ ಆ ಹೊತ್ತು ಹುಳ್ಳುಳ್ಳಗಾದದ್ದು ಅವಳ ಮನಸ್ಸು. ಅವನು ತಲೆ ಎತ್ತಲಿಲ್ಲ. ಗುಂಡನ ಬೆನ್ನು ಬಾಚುತ್ತಾ ಕಣ್ಣಂಚಿನಲ್ಲೇ ನಕ್ಕ. ಆ ಅರ್ಧ ನಗೆಯನ್ನು ಅವಳು ವಾರವಿಡೀ ಜೋಪಾನ ಮಾಡಿದಳು. ಮನೆಯಲ್ಲಿ ಅಕ್ಕ ಊಟಕ್ಕೆ ಮೂರು ಸಲ ಕರೆಯಬೇಕಾಯಿತು. ಅವನ ಬಿಡುಗಡೆಗೆ ಇನ್ನೂ ಎರಡು ವರ್ಷವಿತ್ತು.

ಒಂದು ದಿನ ಜೈಲರ್ ಅವಳನ್ನು ಕರೆಸಿದರು. "ನಾಯಿ ಒಬ್ಬನಿಗೇ ಅಂಟ್ಕೊಂಡಿದೆ, ನೋಡಮ್ಮ. ಮುಂದಿನ ವಾರದಿಂದ ಇನ್ನೊಂದು ಬ್ಲಾಕಿಗೆ ಕರ್ಕೊಂಡು ಹೋಗು."

ಹೂಂ ಎಂದರೆ ಮುಗಿಯಿತು. ಹೇಗೂ ಇದೇ ಆವರಣಕ್ಕೆ ಬರುತ್ತಾಳೆ, ಅಂಗಳದಲ್ಲಿ ಎಂದಾದರೂ ಅವನು ಕಣ್ಣಿಗೆ ಬಿದ್ದಾನು. ಆದರೆ ಅವನ ನಿದ್ದೆ?

"ಗುಂಡಂದು ತಪ್ಪಿಲ್ಲ ಸಾರ್," ಎಂದಳು. "ಒಳಗೆ ಬಂದ ಕೂಡ್ಲೆ ಅವನನ್ನ ಆ ಕಡೆ ತಿರುಗಿಸೋದು ನಾನು. ಅಂಟ್ಕೊಂಡಿರೋದೂ ನಾನೇ. ಗುಂಡ ಇಲ್ಲಿಗೇ ಬರ್ಲಿ, ನಮ್ಮಕ್ಕ ಕರ್ಕೊಂಡು ಬಂದು ಎಲ್ಲರ ಹತ್ರಾನೂ ಕೂರಿಸ್ತಾಳೆ. ನಾನು ಬರಲ್ಲ."

ಜೈಲರ್ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತರು. "ಅವನಿಗೆ ಗೊತ್ತಾ?"

"ಗೊತ್ತಿರ್ಬೇಕು ಸಾರ್. ಬಾಯಿಬಿಟ್ಟು ಹೇಳಿಲ್ಲ ಅಷ್ಟೆ."

"ಹೇಳೋದಿದ್ರೆ ಅವನು ಹೊರಗೆ ಬಂದ್ಮೇಲೆ ಹೇಳು," ಎಂದು ಅವರು ಫೈಲು ಮುಚ್ಚಿದರು.

ಮುಂದಿನ ಬುಧವಾರ ಅವಳು ಗೇಟಿನ ಹೊರಗೆ ವ್ಯಾನಿನಲ್ಲೇ ಉಳಿದಳು. ಆ ಒಂದು ಗಂಟೆ ಸವೆಯಲೇ ಇಲ್ಲ. ಕೊನೆಗೆ ಅಕ್ಕ ಗುಂಡನನ್ನು ಹತ್ತಿಸಿ ಬಂದು ಅವಳ ಪಕ್ಕದಲ್ಲಿ ಕೂತಳು.

"ಹತ್ತೂ ಜನರ ಹತ್ರ ಕೂರಿಸ್ದೆ," ಎಂದಳು ಅಕ್ಕ. "ನಿನ್ನ ಬಡಗಿ ಹತ್ರಾನೂ. ಗುಂಡ ಅವನ ತೊಡೆ ಮೇಲೆ ತಲೆ ಇಟ್ಕೊಂಡು ಮಲಗಿದ್ದ. ಆದ್ರೆ ಇಬ್ರೂ ಬಾಗಿಲ ಕಡೆನೇ ನೋಡ್ತಿದ್ರು ಕಣೆ."