ನಮ್ಮಿಬ್ಬರದು ಕ್ಲೋಸ್

"ಲಿಫ್ಟ್ ಯಾವ ಪದ?"

ಬೋರ್ಡಿನ ಕಡೆಗೇ ಮುಖ ಮಾಡಿ ಅವಳು ಕೇಳಿದಳು. ದೊಡ್ಡವರಿಗೆಂದು ನಡೆಯುವ ಆ ಇಂಗ್ಲಿಷ್ ತರಗತಿಗೆ ಅಂದೇ ಸೇರಿದ್ದ ಲಿಫ್ಟ್ ಮೆಕ್ಯಾನಿಕ್ ಹಿಂದಿನ ಬೆಂಚಿನಿಂದ ಎದ್ದು ನಿಂತ.

"ನಿಂತಿದ್ರೆ ನಾಮಪದ ಮೇಡಂ. ಎತ್ತಿದ್ರೆ ಕ್ರಿಯಾಪದ. ಕೆಟ್ರೆ ನನ್ನ ಅನ್ನ."

ತರಗತಿಯೆಲ್ಲ ಗೊಳ್ಳೆಂದಿತು. ಗದರಲೆಂದು ತಿರುಗಿದವಳು ಅವನ ಕಣ್ಣು ನೋಡಿ ಗದರುವುದನ್ನೇ ಮರೆತಳು...

ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲಿ ಹೆಸರು, ಅಲ್ಲಿ ಕೆಲಸ. ಕೂತ ಜಾಗ ನೋಡಿ ಅರ್ಥ ಮಾಡಬೇಕು ಎಂದು ಅವಳು ದಿನವೂ ಕಲಿಸುತ್ತಿದ್ದಳು. ಆ ಪಾಠದ ನೆವದಲ್ಲೇ ಇಬ್ಬರ ಮನಸ್ಸೂ ಕೂಡಿತು.

ಮನಸ್ಸು ಕೂಡಿದರೆ ಸಾಲದು, ಮನೆಯವರೂ ಒಪ್ಪಬೇಕಲ್ಲ. ಈ ಟೀಚರಮ್ಮನ ಹೆಸರೆತ್ತಿದರೆ ಅವನ ತಾಯಿ ಮುಖ ಗಂಟಿಕ್ಕುತ್ತಿದ್ದರು. ಇತ್ತ, ತಂದೆಯಿಲ್ಲದ ಅವಳನ್ನು ಸಾಕಿದ ಸೋದರಮಾವ ಬೇರೊಂದು ಸಂಬಂಧ ನೋಡಿಟ್ಟಿದ್ದರು. ಭಾನುವಾರ ಸಂಜೆ ಆ ಗಂಡಿನ ಕಡೆಯವರಿಗೆ ಉತ್ತರ ಹೇಳಬೇಕು, ನಿನ್ನ ಹುಡುಗ ತಾಯಿಯನ್ನು ಕರೆತರುವುದಾದರೆ ಅಷ್ಟರೊಳಗೆ ತರಲಿ ಎಂದಿದ್ದರು.

ಆ ಭಾನುವಾರ ಮಧ್ಯಾಹ್ನ ಅವನ ಫೋನ್ ಬಂತು. ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಗುಂಡಿಯೊಳಗಿನಿಂದ, ತುಂಡು ತುಂಡಾಗಿ.

"ಅಮ್ಮ ಕೇಳಿದ್ರು... ಹೇಳ್ಬಿಟ್ಟೆ. ನಮ್ಮಿಬ್ರದ್ದು ಕ್ಲೋಸ್ ಅಂತ..."

ಲೈನ್ ಕಟ್ಟಾಯಿತು.

ಕ್ಲೋಸ್. ಅಂಗಡಿಯ ಬಾಗಿಲು ಎಳೆದ ಹಾಗೆ... ನಾಮಪದ ಕಲಿಯಲು ಬಂದವನು ನನಗೇ ನಾಮ ಹಾಕಿದನಲ್ಲ ಎಂದುಕೊಂಡಳು. ನಗು ಬರಬೇಕಾದ ಮಾತಿಗೆ ಅಳು ಬಂತು. ಫೋನ್ ಆಫ್ ಮಾಡಿಬಿಟ್ಟಳು.

ಸಂಜೆ ಮಾವ ಮೊಬೈಲ್ ಹಿಡಿದು ಎದುರು ಕೂತರು. ನಿನ್ನ ಹುಡುಗ ಬರಲಿಲ್ಲವಲ್ಲ, ಆ ಕಡೆಯವರಿಗೆ ಒಪ್ಪಿಗೆ ಎಂದುಬಿಡಲೇ ಎಂದು ಮೆಲ್ಲಗೆ ಕೇಳಿದರು. ತಲೆಯಾಡಿಸಿದಳೋ ಇಲ್ಲವೋ ಅವಳಿಗೇ ತಿಳಿಯದು... ಮಾವ ನಂಬರ್ ಒತ್ತಿಯೇಬಿಟ್ಟರು. ಅತ್ತ ಕಡೆ ಫೋನ್ ರಿಂಗಾಗುತ್ತಿತ್ತು.

ಯಾರೋ ಬಾಗಿಲು ಬಡಿದರು.

ಗ್ರೀಸ್ ಮೆತ್ತಿದ ಅಂಗಿಯಲ್ಲೇ ಅವನು ನಿಂತಿದ್ದ. "ಫೋನ್ ಯಾಕೆ ಆಫ್ ಮಾಡ್ದೆ?"

"ಕ್ಲೋಸ್ ಅಂದ್ಮೇಲೆ ಮಾತಾಡೋಕೆ ಏನಿದೆ?"

"ಕ್ಲೋಸ್ ಅಂತ ಹೇಳೇ ಅಲ್ವಾ ಅಮ್ಮನ್ನ ಒಪ್ಸಿದ್ದು?"

ಅವಳು ಕಕ್ಕಾಬಿಕ್ಕಿಯಾದಳು. ಅವನ ಬೆನ್ನ ಹಿಂದೆ, ಮೆಟ್ಟಿಲ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ ಅವನ ತಾಯಿ ನಡುವೆ ಬಾಯಿ ಹಾಕಿದರು.

"ನಾನೂ ಮೊದ್ಲು ಮುಗೀತು ಅಂತಾನೇ ತಿಳ್ಕೊಂಡೆ ಕಣಮ್ಮ. ಸದ್ಯ, ಪೀಡೆ ತೊಲಗ್ತು ಅಂತ ಖುಷೀನೂ ಪಟ್ಟೆ. ಆಮೇಲೆ ಇವ್ನು ಕೂತು ಬಿಡಿಸಿ ಹೇಳ್ದ, ತುಂಬಾ ಹತ್ರ ಅಂತ ಅರ್ಥವಂತೆ. ನೀನಲ್ದೆ ಬೇರೆ ಯಾರೂ ಬೇಡ್ವಂತೆ. ಅಷ್ಟು ಹಟ ಹಿಡಿಸಿದೋಳು ಯಾರಪ್ಪಾ, ನೋಡೇಬಿಡೋಣ ಅಂತ ಬಂದೆ."

ಇಂಗ್ಲಿಷರ ಬಾಯಲ್ಲಿ ಆ ಪದ 'ಮುಚ್ಚು' ಎಂಬ ಕ್ರಿಯೆಯಾದಾಗ ಕೊನೆಯ ದನಿ ಜೇನ್ನೊಣದಂತೆ ಗುಯ್‌ಗುಡುತ್ತದೆ, 'ಹತ್ತಿರದ' ಎಂಬ ಗುಣವಾಚಕವಾದಾಗ ಬುಸ್ಸೆನ್ನುತ್ತದೆ. ನಮ್ಮ ನಾಲಿಗೆಗೆ ಎರಡೂ ಒಂದೇ. ಊರಿಗೆಲ್ಲ ಪಾಠ ಹೇಳುವವಳೇ ಎಡವಿದ್ದಳು. ಭಯ ಹೊಕ್ಕ ಎದೆಯಲ್ಲಿ ವ್ಯಾಕರಣ ಎಲ್ಲಿ ನಿಂತೀತು?

ಮಾವ ಸದ್ದಿಲ್ಲದೆ ಕರೆ ಕತ್ತರಿಸಿದರು.

ಅವನು ದನಿ ತಗ್ಗಿಸಿದ. "ಇನ್ಮೇಲೆ ಕನ್ನಡದಲ್ಲೇ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

ಅವಳು ಅವನತ್ತ ನೋಡಲಿಲ್ಲ. ಅವನನ್ನು ದಾಟಿ ಹೋಗಿ ಆ ತಾಯಿಯ ಕೈ ಹಿಡಿದಳು.

"ಒಳಗೆ ಬನ್ನಿ ಅತ್ತೆ. ಸುಸ್ತಾಗಿದ್ದೀರ."

"ಮತ್ತೆ ನನ್ನ ಪ್ರಶ್ನೆಗೆ ಉತ್ತರ?" ಎಂದ ಅವನು.

"ಕೊಟ್ಟಾಯ್ತಲ್ಲ..."