ಹೂಜಿಯ ಹಿಡಿ

ಸಲೋಮಿ ಮತ್ತೆ ಹಿಡಿ ಮುರಿದ ಹೂಜಿಯೊಂದಿಗೆ ಕುಂಬಾರನ ಅಂಗಡಿಗೆ ಬಂದಳು. ಜೊತೆಗೆ, ಎಂದಿನಂತೆ, ಹೆಣ್ಣುಮಕ್ಕಳ ಮನೆ ನೋಡಿಕೊಳ್ಳುವ ಹಿರಿಯ ಸೋದರಿ ಬೆನಿಗ್ನಾ.

ಪೆನ್ಸಿಲ್ವೇನಿಯಾದ ಲಿಟಿಟ್ಜ್ ಊರಿನ ಮೊರೇವಿಯನ್ ಕ್ರೈಸ್ತ ಸಭೆಯಲ್ಲಿ ಆಗ ಮದುವೆಯಾಗದ ಹೆಣ್ಣುಮಕ್ಕಳಿಗೊಂದು ಮನೆ, ಗಂಡುಮಕ್ಕಳಿಗೆ ಇನ್ನೊಂದು. ಎದುರಾದರೆ ಕಣ್ಣು ತಗ್ಗಿಸಿ ನಡೆಯಬೇಕು. ಹಾಗಾಗಿ ಕುಂಬಾರ ಟೋಬಿಯಾಸ್ ಬೆನಿಗ್ನಾಳ ಮುಖ ನೋಡಿಕೊಂಡೇ ಸಲೋಮಿಯೊಡನೆ ಮಾತಾಡುತ್ತಿದ್ದ.

“ಸೋದರಿ, ನಿಮ್ಮನೇಲಿ ಹೂಜಿ ಒಯ್ಯೋದು ನೀರಿಗೋ, ಜಗಳಕ್ಕೋ?”

“ನನ್ನೇನು ಕೇಳ್ತೀಯಪ್ಪ? ನೀರು ಸೇದೋಳು ಇವಳು, ಮುರಿಯೋಳೂ ಇವಳೇ.”

ಸಲೋಮಿ ಟೋಪಿಯ ಗುಲಾಬಿ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನಗು ತಡೆಯಲು ತುಟಿ ಕಚ್ಚಿದಳು. ಹೊಸ ಹೂಜಿ ಕೈಗಿಡುವಾಗ ಅವನ ಬೆರಳಿನ ಜೇಡಿಮಣ್ಣು ಅವಳ ಮಣಿಕಟ್ಟಿಗೆ ಹತ್ತಿತು. ಅದು ಒಣಗಿ ಉದುರುವವರೆಗೆ ಅವಳು ತೊಳೆಯಲಿಲ್ಲ. ದಿನವಿಡೀ ಬಟ್ಟೆ ಒಗೆಯುವವಳಿಗೆ ಅದೇನು ಸುಲಭದ ಕೆಲಸವಲ್ಲ.

ಸುಗ್ಗಿ ಮುಗಿದ ಮೇಲೆ ಟೋಬಿಯಾಸ್ ಸಭೆಯ ಹಿರಿಯರ ಬಳಿ ಹೋಗಿ ಸಲೋಮಿಯನ್ನು ಮದುವೆಗೆ ಕೇಳಿದ. ಅವರಿಗೂ ಜೋಡಿ ಹಿಡಿಸಿತ್ತು. ಆದರೆ ಹಿರಿಯರ ಒಪ್ಪಿಗೆ ಸಾಲದು, ಕ್ರಿಸ್ತನನ್ನು ಕೇಳಬೇಕು. ಪ್ರಾರ್ಥನೆ ಮಾಡಿ ಬಟ್ಟಲಿನಿಂದ ಚೀಟಿ ಎತ್ತುವುದು ಸಭೆಯ ಪದ್ಧತಿ. ಒಂದರಲ್ಲಿ ಹೌದು, ಒಂದರಲ್ಲಿ ಇಲ್ಲ, ಇನ್ನೊಂದು ಖಾಲಿ. ಖಾಲಿ ಬಂದರೆ ಕಾದಿದ್ದು ಮತ್ತೆ ಕೇಳಬಹುದು.

ಹಿರಿಯರು ಚೀಟಿ ಎತ್ತುವ ಹೊತ್ತಿನಲ್ಲಿ ಸಲೋಮಿ ಯಾರದೋ ನೀಲಿ ರಿಬ್ಬನ್ನಿಗೆ ಇಸ್ತ್ರಿ ಹಾಕುತ್ತಿದ್ದಳು. ನೀಲಿ ಮದುವೆಯಾದವರ ಬಣ್ಣ, ಗುಲಾಬಿ ಆಗದವರದು. ಬೆನಿಗ್ನಾ ಬಂದು ಪಕ್ಕದಲ್ಲಿ ಕೂತು, ‘ಇಲ್ಲ’ ಬಂತೆಂದು ಹೇಳಿದಳು.

“ಖಾಲಿಯಾದ್ರೂ ಬರಬಾರದಿತ್ತಾ?” ಎಂದಳು ಸಲೋಮಿ. “ಯಾಕೆ ಇಲ್ಲ ಅಂತೆ?”

“ನನಗೂ ಅರ್ಥ ಆಗಿಲ್ಲ ಮಗಳೇ. ದೇವರ ರಾಜ್ಯ ನಮ್ಮ ತಲೆಯೊಳಗೆ ಹಿಡಿಸೋ ಅಷ್ಟೇ ಇದ್ದಿದ್ರೆ, ನಂಬೋದು ಇಷ್ಟು ಕಷ್ಟ ಆಗ್ತಿರಲಿಲ್ಲ.”

ಕೆಲವು ದಿನಗಳ ನಂತರ ಹೂಜಿ ಬೇಕೆಂದು ಹೊರಟವಳು ಬೆನಿಗ್ನಾಳೇ. ಮನೆಯಲ್ಲಿ ಹೂಜಿಗೇನೂ ಕೊರತೆಯಿರಲಿಲ್ಲ. ಸಲೋಮಿಯನ್ನು ಅಂಗಡಿಯೊಳಗೆ ಬಿಟ್ಟು, ತಾನು ಬಾಗಿಲಾಚೆ ಬೀದಿ ನೋಡುತ್ತ ನಿಂತಳು.

“ಲ್ಯಾಂಕಾಸ್ಟರಿಗೆ ಹೋದ್ರೆ ಯಾವ ಪಾದ್ರಿಯಾದ್ರೂ ಮದುವೆ ಮಾಡಿಸ್ತಾರೆ,” ಎಂದ ಟೋಬಿಯಾಸ್. “ಸಭೆ ನಮ್ಮನ್ನ ಕೈಬಿಡುತ್ತೆ. ಬಿಡಲಿ. ನೀವು ಹೂಂ ಅನ್ನಿ.”

ಆ ಹೂಂ ಅವಳ ನಾಲಿಗೆಯ ತುದಿಗೆ ಬಂದಿತ್ತು.

“ಹೌದು ಅಂತ ಬಂದಿದ್ರೆ ದೇವರ ಚಿತ್ತ ಅಂತಿದ್ವಿ. ಇಲ್ಲ ಅಂತ ಬಂದಿದ್ದಕ್ಕೆ, ಬರೀ ಕಾಗದ ಅನ್ನೋಣ್ವಾ?”

ಅವನು ಕೇಳಿದ, “ಒಳ್ಳೇದಕ್ಕೇ ಅಂತ ನಂಬ್ತೀರಾ?”

“ಒಳ್ಳೇದು ನನಗೇನೂ ಕಾಣ್ತಿಲ್ಲ. ಕಾಣದೇನೇ ನಂಬಿದೀನಿ. ನಂಬಿದ್ರೂ ನೋವೇನು ಕಮ್ಮಿ ಆಗಿಲ್ಲ.”

ಅವನು ಒಳಗಿನಿಂದ ಒಂದು ಹೂಜಿ ತಂದ. ಅದರ ಹಿಡಿ ಅವಳ ಮಣಿಕಟ್ಟಿನಷ್ಟು ದಪ್ಪವಿತ್ತು.

“ಮುಂಚಿನವಕ್ಕೆಲ್ಲ ಬೇಕಂತಲೇ ತೆಳ್ಳಗೆ ಹಿಡಿ ಹಚ್ತಿದ್ದೆ. ಬೇಗ ಮುರೀಲಿ, ನೀವು ಮತ್ತೆ ಬರಲಿ ಅಂತ.”

“ಅವು ತಾವಾಗಿ ಮುರೀಲಿಲ್ಲ,” ಎಂದಳು ಸಲೋಮಿ. “ಒಂದೊಂದನ್ನೂ ಬಾವಿ ಕಟ್ಟೆಗೆ ನಾನೇ ಕುಟ್ಟಿದ್ದು.”

ಇಬ್ಬರೂ ಮೊದಲ ಸಲ ಕಣ್ಣು ತಗ್ಗಿಸದೆ ನೋಡಿಕೊಂಡರು. ನಗಬೇಕಾದ ಮಾತು. ಯಾರಿಗೂ ನಗು ಬರಲಿಲ್ಲ.

“ಇದು ಮುರಿಯಲ್ಲ,” ಎಂದು ಅವನು ಹೂಜಿಯನ್ನು ಅವಳ ಕೈಗೆ ಕೊಟ್ಟ. ಈ ಸಲ ಬೆರಳು ಒರೆಸಿಕೊಂಡಿದ್ದ.

ಸಂಜೆ ಬಾವಿಯ ಬಳಿ ಯಾರೂ ಇರಲಿಲ್ಲ. ಸಲೋಮಿ ಹೂಜಿಯ ಹಿಡಿಯನ್ನು ಕಟ್ಟೆಗೆ ಮೆಲ್ಲಗೆ ಕುಟ್ಟಿದಳು. ಆಮೇಲೆ ಜೋರಾಗಿ ಕುಟ್ಟಿದಳು. ಹಿಡಿ ಬಿರುಕು ಕೂಡ ಬಿಡಲಿಲ್ಲ. ಗುಲಾಬಿ ರಿಬ್ಬನ್ನನ್ನು ಗದ್ದದಡಿ ಬಿಗಿದು ಕಟ್ಟಿಕೊಂಡಳು. ನೀರು ತುಂಬಿಕೊಂಡು ಹೆಣ್ಣುಮಕ್ಕಳ ಮನೆಯತ್ತ ನಡೆದಳು.