ಬೆಳಗಿನ ಎಂಟರ ಇಂಜೆಕ್ಷನ್

ಮೂರು ವರ್ಷದಿಂದ ಒಂದೇ ಬಸ್ಸಿನಲ್ಲಿ ಅವನು ಡ್ರೈವರ್, ಅವಳು ಕಂಡಕ್ಟರ್. ಒಂದು ಸೋಮವಾರ ಅವನ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಮಂಗಳವಾರವೂ ಅವನಿರಲಿಲ್ಲ. ಡಿಪೋದಲ್ಲಿ ವಿಚಾರಿಸಿದರೆ ಮ್ಯಾನೇಜರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

"ರಜೆ ಹಾಕಿದ್ದಾರೆ. ವಾಪಸ್ ಬಂದ್ಮೇಲೂ ಈ ರೂಟ್ ಬೇಡ ಅಂತ ಬರ್ಕೊಟ್ಟಿದ್ದಾರೆ."

ಅವಳ ಮುಖ ಸಪ್ಪಗಾಯಿತು. ಶನಿವಾರವಷ್ಟೇ ಅವಳು ಅವನ ಸೀಟಿನ ಹಿಂದೆ ನಿಂತು, "ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ, ಕಂಡಕ್ಟರನ್ನ ನೋಡೋಕಲ್ಲ," ಎಂದು ಮೆಲ್ಲಗೆ ಕಾಲೆಳೆದಿದ್ದಳು. ಅವನ ಕಿವಿಯ ತುದಿ ಕೆಂಪಾಗಿತ್ತು. ಆಮೇಲೆ ಕೊನೆಯ ಸ್ಟಾಪಿನವರೆಗೂ ಅವನು ಕನ್ನಡಿಯತ್ತ ನೋಡಿರಲಿಲ್ಲ. ಅಷ್ಟಕ್ಕೇ ಮುನಿಸಿಕೊಂಡು ರೂಟೇ ಬದಲಾಯಿಸಿದನೇ? ಬುಧವಾರದಿಂದ ಅವಳಿಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆಯೇ ಜಗಳಕ್ಕೆ ಸಿದ್ಧಳಾಗಿ ಅವನ ಮನೆಗೆ ಹೋದಳು.

ಬಾಗಿಲು ತೆರೆದದ್ದು ಅವನ ಅಕ್ಕ. ಒಳಗೆ ಮಂಚದ ಮೇಲೆ ಅವನು ಶರ್ಟು ಎತ್ತಿಕೊಂಡು ಕೂತಿದ್ದ. ಎಡಗಾಲು ದಿಂಬಿನ ಮೇಲೆ, ಬಾತು ಹೊಳೆಯುತ್ತಿತ್ತು. ಕೈಯಲ್ಲಿ ಸಣ್ಣದೊಂದು ಸಿರಿಂಜು. ಸೂಜಿಯನ್ನು ಹೊಟ್ಟೆಯ ಹತ್ತಿರ ತರುತ್ತಿದ್ದ, ಮತ್ತೆ ದೂರ ಸರಿಸುತ್ತಿದ್ದ.

ತಂದಿದ್ದ ಜಗಳ ಮರೆತು ಅವಳು ಮಂಚದ ಹತ್ತಿರ ಬಂದಳು.

"ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತಮ್ಮ," ಎಂದಳು ಅಕ್ಕ. "ಒಂದೇ ಕಡೆ ಗಂಟೆಗಟ್ಟಲೆ ಕೂರೋ ಕೆಲಸ ಸದ್ಯಕ್ಕೆ ಬೇಡ ಅಂದ್ರು, ಅದಕ್ಕೇ ಚಿಕ್ಕ ರೂಟ್ ಕೇಳಿದ್ದಾನೆ. ಆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ..." ಅವಳು ಸಿರಿಂಜಿನತ್ತ ಕೈ ತೋರಿಸಿದಳು. "ರಕ್ತ ತೆಳು ಮಾಡೋ ಇಂಜೆಕ್ಷನ್ ಇದು. ಬೆಳಗ್ಗೆ ಎಂಟಕ್ಕೆ, ದಿನಕ್ಕೊಂದು, ಒಟ್ಟು ಹತ್ತು. ಎರಡನ್ನ ನರ್ಸ್ ಕೊಟ್ರು. ಇನ್ಮೇಲೆ ಮನೇಲೇ ಕೊಡ್ಬೇಕಂತೆ. ನಂಗೆ ಸೂಜಿ ನೋಡಿದ್ರೇ ತಲೆ ಸುತ್ತುತ್ತೆ."

"ನಿಮಗೇನ್ರೀ ಭಯ?" ಎಂದು ಅವಳು ಅವನನ್ನು ಕೇಳಿದಳು. "ಆ ಘಾಟಿಯಲ್ಲಿ ಬಸ್ ಇಳಿಸ್ತೀರಲ್ಲ."

"ಅಲ್ಲಿ ಬ್ರೇಕ್ ಇದೆ," ಎಂದ ಅವನು.

"ನಾನು ಕೊಡ್ತೀನಿ. ಆದ್ರೆ ಗೊತ್ತಿಲ್ದೆ ಚುಚ್ಚಲ್ಲ. ನರ್ಸ್ ನಂಬರ್ ಕೊಡಿ."

ಫೋನಿನ ಪರದೆಯಲ್ಲಿ ಕಾಣಿಸಿಕೊಂಡ ನರ್ಸು ಗಡಸು ದನಿಯವರು. ಮೊದಲು ಅವಳಿಂದ ಸೋಪು ಹಚ್ಚಿ ಕೈ ತೊಳೆಸಿ, ಆಮೇಲೆ ಮಾತಿಗಿಳಿದರು.

"ನಿನ್ನೆ ಹೊಟ್ಟೆಯ ಎಡಗಡೆ ಕೊಟ್ಟಿದ್ದೀನಿ, ಇವತ್ತು ಬಲಗಡೆ. ಹೊಕ್ಕುಳಿಂದ ಮೂರು ಬೆರಳಿಗಿಂತ ಜಾಸ್ತಿ ದೂರ ಇರ್ಲಿ. ಸಿರಿಂಜಲ್ಲಿರೋ ಗಾಳಿಗುಳ್ಳೆ ಹೊರಗೆ ಹಾಕೋಕೆ ಹೋಗ್ಬೇಡಿ, ಮದ್ದು ಚೆಲ್ಲಿಹೋಗುತ್ತೆ. ಚರ್ಮ ಮಡಿಸಿ ಹಿಡ್ಕೊಳ್ಳಿ. ಸೂಜಿ ನೇರ ಇಳಿಸಿ, ಪೂರ್ತಿ. ಮದ್ದು ಖಾಲಿಯಾಗಿ ಸೂಜಿ ಆಚೆ ಬರೋವರೆಗೂ ಮಡಿಕೆ ಬಿಡ್ಬೇಡಿ."

ಅವಳು ಅವನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದಳು. ಮೂರು ವರ್ಷದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು. ಅವನು ಕಣ್ಣು ಮುಚ್ಚಿದ. ಅವಳು ಸೂಜಿಯನ್ನು ನೇರ ಇಳಿಸಿ, ಮದ್ದು ಖಾಲಿಯಾದ ಮೇಲೆ ಆಚೆ ತೆಗೆದಳು.

"ಆಯ್ತು," ಎಂದಳು.

"ಕೊಟ್ರಾ?" ಅವನು ಒಂದೇ ಕಣ್ಣು ತೆರೆದ. ಕೈ ತಾನಾಗಿಯೇ ಚುಚ್ಚಿದ ಜಾಗ ಉಜ್ಜಲು ಹೊರಟಿತು. ಅವಳು ಆ ಕೈಯನ್ನು ಹಿಡಿದು ನಿಲ್ಲಿಸಿದಳು.

"ಉಜ್ಜಬಾರದು, ಕಂದುತ್ತೆ," ಎಂದರು ನರ್ಸು. "ಸೂಜಿಗೆ ಮುಚ್ಚಳ ಹಾಕ್ಬೇಡಿ, ಹಾಗೇ ನಾನು ಕೊಟ್ಟಿರೋ ಡಬ್ಬಿಗೆ ಹಾಕಿ. ಒಂದು ದಿನ ತಪ್ಪಿದ್ರೆ ಫೋನ್ ಮಾಡಿ, ಮಾರನೇ ದಿನ ಎರಡು ಚುಚ್ಚೋ ಬುದ್ಧಿವಂತಿಕೆ ಬೇಡ. ನನ್ನ ಕೇಳದೆ ನೋವಿನ ಮಾತ್ರೆ ಬೇಡ. ಒಸಡಲ್ಲಿ ರಕ್ತ, ಮೂತ್ರ ಕೆಂಪು, ಮಲ ಕಪ್ಪು, ಏನೇ ಕಂಡ್ರೂ ತಿಳಿಸಿ. ತಲೆಗೆ ಪೆಟ್ಟು ಬಿದ್ರೆ ಮಾತ್ರ ಕಾಯ್ಬೇಡಿ. ಆರಾಮಾಗೇ ಕಂಡ್ರೂ ನೇರ ಆಸ್ಪತ್ರೆ."

ಕೊನೆಯ ಮಾತು ಅವಳ ಎದೆಯಲ್ಲಿ ನಾಟಿ ಕೂತಿತು. ಹೆಪ್ಪು ಹರಿದರೆ ಒಂದು ಅಪಾಯ, ರಕ್ತ ನಿಲ್ಲದಿದ್ದರೆ ಇನ್ನೊಂದು. ಇವೆರಡರ ನಡುವೆ ಅವನನ್ನು ಬಿಟ್ಟು ಬಸ್ಸು ಹತ್ತುವುದು ಅವಳಿಗೆ ದಿನದಿನಕ್ಕೂ ಕಷ್ಟವಾಯಿತು. ಟಿಕೆಟ್ ಹರಿಯುತ್ತಿದ್ದಾಗ ಫೋನು ಅದುರಿದರೆ ಜೀವ ಬಾಯಿಗೆ ಬರುತ್ತಿತ್ತು.

ಬೆಳಗಿನ ಎಂಟು ಗಂಟೆ ಮಾತ್ರ ಬೇರೆಯೇ ಆಗಿತ್ತು. ಅವಳು ಬರುವಷ್ಟರಲ್ಲಿ ಅವನು ಗಡ್ಡ ಕೆರೆದು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೂತಿರುತ್ತಿದ್ದ.

"ಇಂಜೆಕ್ಷನ್‌ಗೆ ಇಷ್ಟು ಅಲಂಕಾರ ಯಾರ್ರೀ ಮಾಡ್ಕೊತಾರೆ?"

"ಕನ್ನಡಿ ನೋಡ್ಬೇಡಿ ಅಂದಿದ್ರಿ. ಇಲ್ಲಿ ಕನ್ನಡಿ ಇಲ್ಲ, ನೇರ ನೋಡ್ತಿದ್ದೀನಿ."

ಅವಳು ಸಿರಿಂಜಿನ ಮೇಲಿನ ತಾರೀಖು ಓದುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಯಾವ ಕಡೆ ಕೊಟ್ಟದ್ದು, ಎಷ್ಟು ಗಂಟೆಗೆ ಎನ್ನುವುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ಅವಳ ಕೈಬರಹ ಒಂದೊಂದೇ ಚೌಕ ತುಂಬುತ್ತಾ ಹೋಯಿತು.

ಎಂಟನೆಯ ಇಂಜೆಕ್ಷನ್ನಿನ ದಿನ ಅವನು ಗಡ್ಡ ಕೆರೆದಿರಲಿಲ್ಲ. ಕಿಟಕಿಯ ಪರದೆ ಎಳೆದಿತ್ತು.

"ನಿದ್ದೆ ಸರಿಯಾಗಿಲ್ಲ, ಅಷ್ಟೇ. ಬೇಗ ಕೊಟ್ಬಿಡಿ," ಎಂದ. ಮಾತು ಎಳೆದೆಳೆದು ಬರುತ್ತಿತ್ತು.

ಅವಳು ಕೈ ತೊಳೆದು ಬಂದು, ಸೂಜಿಯ ಮುಚ್ಚಳ ತೆಗೆದು, ಚರ್ಮ ಮಡಿಸಿ ಹಿಡಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕನ ದನಿ ಬಂತು.

"ತಲೆನೋವು ಇಳೀತೇನೋ? ಬೆಳಗ್ಗೆ ಕೊಟ್ಟ ನನ್ನ ಮಂಡಿನೋವಿನ ಮಾತ್ರೆ ಕೆಲಸ ಮಾಡ್ತಾ?"

ಅವಳ ಕೈ ಅಲ್ಲೇ ನಿಂತಿತು. ಸೂಜಿ ಚರ್ಮಕ್ಕೆ ಒಂದು ಬೆರಳಷ್ಟು ದೂರದಲ್ಲಿತ್ತು.

"ತಲೆನೋವು ಯಾಕೆ ಬಂತು?"

ಅವನು ಮುಖವನ್ನು ಗೋಡೆಯತ್ತ ತಿರುಗಿಸಿದ.

"ನನ್ನ ಮುಖ ನೋಡಿ ಹೇಳಿ. ಯಾಕೆ ಬಂತು?"

"ನಿನ್ನೆ ಸಂಜೆ ಬಚ್ಚಲಲ್ಲಿ ಕಾಲು ಜಾರ್ತು. ನಲ್ಲಿಗೆ ಸ್ವಲ್ಪ ತಗುಲ್ತು. ರಕ್ತ ಏನೂ ಬರ್ಲಿಲ್ಲ."

ಅವಳು ಅವನ ಕೂದಲೊಳಗೆ ಬೆರಳಾಡಿಸಿದಳು. ಕಿವಿಯ ಹಿಂದೆ ಕೋಳಿಮೊಟ್ಟೆಯಷ್ಟು ಬಾವು ಸಿಕ್ಕಿತು. ತುಂಬಿದ್ದ ಸಿರಿಂಜನ್ನು ಹಾಗೆಯೇ ಡಬ್ಬಿಗೆ ಹಾಕಿ ಫೋನು ಎತ್ತಿಕೊಂಡಳು.

"ಇವತ್ತಿನದು ಕೊಡ್ಬೇಡಿ," ಎಂದರು ನರ್ಸು. "ಆ ಮಾತ್ರೆಯ ಶೀಟ್ ತಗೊಂಡು ಈಗ್ಲೇ ಹೊರಡಿ. ನಾನು ಎಮರ್ಜೆನ್ಸಿಗೆ ಹೇಳಿರ್ತೀನಿ."

ಟ್ಯಾಕ್ಸಿಯಲ್ಲಿ ಅವನು ಕಣ್ಣು ಮುಚ್ಚಿದಾಗಲೆಲ್ಲ ಅವಳು ಮಾತಾಡಿಸಿದಳು. ಬಸ್ಸಿನ ನಂಬರ್ ಹೇಳಿ. ಮೂರನೇ ಸ್ಟಾಪ್ ಯಾವುದು, ಅದರ ಮುಂದಿನದು? ಅವನು ಒಂದೊಂದೇ ಹೇಳಿದ. ಏಳನೆಯದಕ್ಕೆ ತಡವರಿಸಿದ. ಅವಳು ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮುಂದಿನ ಸೀಟಿನಲ್ಲಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಸ್ಕ್ಯಾನಿಂಗ್ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಅವಳು ಕಾದಳು. ಒಳಗೆ ಅವನ ತಲೆಯಲ್ಲಿ ರಕ್ತ ತೊಟ್ಟಿಕ್ಕುತ್ತಿದ್ದರೆ ಅದರಲ್ಲಿ ತಾನು ಕೊಟ್ಟ ಸೂಜಿಗಳದ್ದೂ ಪಾಲಿತ್ತು. ಸೂಜಿ ಚುಚ್ಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಕೆಳಗೆ ಅಡಗಿಸಿ ಕೂತಳು. ಮುಕ್ಕಾಲು ಗಂಟೆಯಾಯಿತು. ಡಾಕ್ಟರು ಹೊರಬಂದರು.

"ಮೆದುಳಲ್ಲಿ ರಕ್ತಸ್ರಾವ ಇಲ್ಲ," ಎಂದರು ಅವರು. "ಊತ ಬುರುಡೆಯ ಹೊರಗಡೆ ಮಾತ್ರ. ಆದ್ರೆ ನಾಳೆ ಇನ್ನೊಂದು ಸ್ಕ್ಯಾನ್ ಆಗ್ಬೇಕು, ಇಲ್ಲೇ ಇರ್ಲಿ. ಮುಂದಿನ ಡೋಸ್ ಯಾವಾಗ ಅಂತ ನಾವು ಹೇಳ್ತೀವಿ. ಇವತ್ತಿನ ಡೋಸ್ ಕೊಡದೆ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು."

ಅಕ್ಕ ಬಟ್ಟೆಬರೆ ತರಲು ಮನೆಗೆ ಹೋದಳು. ವಾರ್ಡಿನ ಬಿಳಿ ಬೆಳಕಿನಲ್ಲಿ ಅವನು ಮಲಗಿದ್ದ. ಅವಳು ಹಾಸಿಗೆಯ ಪಕ್ಕ ನಿಂತೇ ಇದ್ದಳು.

"ನಿನ್ನೆ ಸಂಜೆನೇ ಯಾಕೆ ಹೇಳ್ಲಿಲ್ಲ?"

ಅವನು ಚಾವಣಿ ನೋಡುತ್ತಾ ಹೇಳಿದ.

"ಹೇಳಿದ್ರೆ ಇಲ್ಲಿ ಸೇರಿಸ್ತಿದ್ರಿ. ಸೂಜಿ ಇಲ್ಲಿಯವರು ಕೊಡ್ತಿದ್ರು. ಇನ್ನು ಮೂರೇ ಉಳಿದಿತ್ತು. ಮುಗಿದ್ಮೇಲೆ ನೀವು ಯಾಕೆ ಬರ್ತೀರಿ? ಆ ಮೂರು ಬೆಳಗ್ಗೆಯಾದ್ರೂ ನಂಗೆ ಬೇಕಿತ್ತು."

ಅವಳಿಗೆ ತಡೆದಿಟ್ಟಿದ್ದ ಭಯವೆಲ್ಲ ಒಮ್ಮೆಲೇ ಕಣ್ಣಿಗೆ ಬಂತು.

"ನಿನಗೆ ಬುದ್ಧಿ ಇದೆಯಾ? ಮೂರು ಬೆಳಗ್ಗೆಗೋಸ್ಕರ ಸಾಯೋಕೆ ಹೊರಟಿದ್ಯಾ? ಆಮೇಲೆ ನಾನು ದಿನಾ ಎಂಟಕ್ಕೆ ಯಾರ ಮನೆ ಬಾಗಿಲು ತಟ್ಟಬೇಕಿತ್ತು?"

ಅವನು ಮೆಲ್ಲಗೆ ತಲೆ ಹೊರಳಿಸಿ ಅವಳನ್ನು ನೋಡಿದ.

"ನನ್ನನ್ನ 'ನೀನು' ಅಂದ್ರಿ."

"ಸಿಟ್ಟಲ್ಲಿ ಬಂತು."

"ಸಿಟ್ಟಿಳಿದ್ಮೇಲೂ ಹಾಗೇ ಇರ್ಲಿ."

ಅವಳು ಕಣ್ಣೊರೆಸಿಕೊಂಡಳು. ಡಿಪೋಗೆ ಫೋನು ಮಾಡಿ ಎರಡು ದಿನ ರಜೆ ಹೇಳಿದಳು. ಆಮೇಲೆ ಸ್ಟೂಲನ್ನು ಹಾಸಿಗೆಗೆ ಒತ್ತಿ ಎಳೆದುಕೊಂಡು ಕೂತು, ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಇನ್ನೂ ಇಳಿದಿಲ್ಲ," ಎಂದಳು. "ಇಳಿಯೋವರೆಗೂ ಇಲ್ಲೇ ಇರ್ತೀನಿ. ನೀನು ಅಲುಗಾಡದೆ ಮಲಗು."